ಗ್ರಂಥದ ಶೀರ್ಷಿಕೆ, ವಚನದ ಅಂಕಿತ

ಯಾವುದೇ ವಸ್ತುವಿನ ಪರಿಚಯವು ಅದರ ಹೆಸರಿನಿಂದಲೇ ಆರಂಭವಾಗುತ್ತದೆ. ಚಿಕ್ಕಮಗಳೂರಿನಿಂದ ಬಾಬಾಬುಡನ್‌ಗಿರಿಗೆ ಏರುವ ಮಾರ್ಗದಲ್ಲಿ ಅತ್ತಿಗುಂಡಿ ಎಂಬ ಗ್ರಾಮವಿದೆ. ಹೆಸರು ಕೇಳಿದೊಡನೆ ಅತ್ತಿಯ ಮರವೂ ತಗ್ಗಾದ ನೆಲವೂ ಮನಸ್ಸಿಗೆ ಬರುತ್ತವೆ. ಆದರೆ ಆ ಗಿರಿಸಾಲಿಗೆ ಖ್ಯಾತಿ ತಂದ ಕಾಫಿಯ ಸುಳಿವು ಆ ಹೆಸರಿನಲ್ಲಿಲ್ಲ. ಗ್ರಂಥನಾಮಗಳ ಸ್ವಭಾವವೂ ಇದೇ ಆಗಿದೆ. ಅವು ಕೆಲವನ್ನು ಹೇಳುತ್ತವೆ, ಉಳಿದುದನ್ನು ಓದುಗನ ಅನುಭವಕ್ಕೆ ಬಿಡುತ್ತವೆ. ಶರಣ ಸಾಹಿತ್ಯದಲ್ಲಿ ಈ ಹೆಸರುಗಳು ಬೆಳೆದುಬಂದ ಬಗೆಯನ್ನು ಅರಿತರೆ ವಚನವನ್ನು ಓದುವ ಕ್ರಮವೂ ತಿಳಿಯಾಗುತ್ತದೆ.

ಹನ್ನೆರಡನೆಯ ಶತಮಾನದ ಶರಣರು ತಮ್ಮ ವಚನಗಳಿಗೆ ಶೀರ್ಷಿಕೆಯನ್ನು ಕೊಡಲಿಲ್ಲ. ಶೀರ್ಷಿಕೆ ಎಂಬ ಪದದಲ್ಲಿ ಶೀರ್ಷ, ಅಂದರೆ ತಲೆ ಇದೆ. ವಚನಕ್ಕಾದರೋ ತಲೆಯಲ್ಲಿ ಹೆಸರಿಲ್ಲ, ಹೆಸರಿರುವುದು ಕೊನೆಯಲ್ಲಿ. ಬಸವಣ್ಣನವರ ಕೂಡಲಸಂಗಮದೇವ, ಅಲ್ಲಮಪ್ರಭುಗಳ ಗುಹೇಶ್ವರ, ಅಕ್ಕಮಹಾದೇವಿಯವರ ಚೆನ್ನಮಲ್ಲಿಕಾರ್ಜುನ ಎಂಬ ಅಂಕಿತಗಳು ಇಷ್ಟದೈವದ ಹೆಸರುಗಳು. ಹೇಳಿದವರು ತಮ್ಮ ಹೆಸರನ್ನು ಹಿಂದಿಟ್ಟು, ಮಾತನ್ನು ದೇವರಿಗೆ ಅರ್ಪಿಸಿದರು. ವಿಷಯ ಯಾವುದೆಂದು ಮೊದಲೇ ಸಾರುವ ಅಗತ್ಯ ಅವರಿಗೆ ಕಾಣಲಿಲ್ಲ.

ತತ್ತ್ವವನ್ನು ಕ್ರಮವಾಗಿ ನಿರೂಪಿಸುವ ಕೃತಿಗಳಿಗೆ ಮಾತ್ರ ಹೆಸರು ಬೇಕಾಯಿತು. ಚೆನ್ನಬಸವಣ್ಣನವರ 'ಕರಣಹಸುಗೆ'ಯನ್ನು ನೋಡಬಹುದು. ಹಸುಗೆ ಎಂದರೆ ಹಂಚಿಕೆ, ವಿಭಾಗ. ದೇಹ, ಇಂದ್ರಿಯ, ಅಂತಃಕರಣಗಳ ತತ್ತ್ವಗಳನ್ನು ವಿಂಗಡಿಸಿ ತಿಳಿಸುವುದು ಆ ಕೃತಿಯ ಕಾರ್ಯ. ಹೆಸರು ಆ ಕಾರ್ಯವನ್ನೇ ಹೇಳುತ್ತದೆ. ಹದಿನೈದನೆಯ ಶತಮಾನದಲ್ಲಿ ಮಹಲಿಂಗದೇವರು ರಚಿಸಿದ 'ಏಕೋತ್ತರ ಶತಸ್ಥಲ'ದ ಹೆಸರು ಒಂದು ಎಣಿಕೆ: ನೂರರ ಮೇಲೆ ಒಂದು, ಅಂದರೆ ಸಾಧಕನು ಏರಬೇಕಾದ 101 ಸ್ಥಲಗಳು. ಅತ್ತಿಗುಂಡಿಯಿರುವ ಜಿಲ್ಲೆಯಲ್ಲೇ ಭದ್ರಾ ತೀರದ ಬಾಳೆಹೊನ್ನೂರು ಇದೆ. ಅಲ್ಲಿನ ರಂಭಾಪುರಿ ಪೀಠದ ಪರಂಪರೆ ಪ್ರಮಾಣವೆಂದು ಮನ್ನಿಸುವ, ಶಿವಯೋಗಿ ಶಿವಾಚಾರ್ಯರ ಸಂಸ್ಕೃತ ಗ್ರಂಥವೂ 101 ಸ್ಥಲಗಳನ್ನು ನಿರೂಪಿಸುತ್ತದೆ. ಆದರೆ ಅದರ ಹೆಸರು 'ಸಿದ್ಧಾಂತಶಿಖಾಮಣಿ'. ವಿಷಯ ಸಮೀಪದ್ದಾದರೂ ಒಂದು ಹೆಸರು ಮೆಟ್ಟಿಲನ್ನು ಎಣಿಸುತ್ತದೆ, ಇನ್ನೊಂದು ತತ್ತ್ವಕ್ಕೆ ಸಲ್ಲುವ ಗೌರವವನ್ನು ತಿಳಿಸುತ್ತದೆ.

ಈ ಎಲ್ಲ ಹೆಸರುಗಳಲ್ಲಿ ಅತ್ಯಂತ ಗಂಭೀರವಾದುದು 'ಶೂನ್ಯಸಂಪಾದನೆ'. ಸಂಪಾದನೆ ಎಂದರೆ ಗಳಿಸುವುದು. ಗಳಿಕೆಗೆ ಗಳಿಸುವವನೊಬ್ಬನು ಬೇಕು, ಗಳಿಸುವ ವಸ್ತುವೊಂದು ಬೇಕು. ಶೂನ್ಯವಾದರೋ ಆ ಎರಡೂ ಬೇರೆಯಾಗಿ ಉಳಿಯದ ನಿಲವು. ಹೀಗೆ ಹೆಸರಿನೊಳಗೇ ವಿರೋಧವಿದೆ. ಗ್ರಂಥವು ಆ ವಿರೋಧವನ್ನು ಬಿಡಿಸುತ್ತಾ ಸಾಗುತ್ತದೆ. ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆಗಳನ್ನು ಕಟ್ಟಿಸಿದರು, ದೇಗುಲಗಳನ್ನು ನಿರ್ಮಿಸಿದರು. ಪ್ರಭುದೇವರು ಅವರಿಗೆ ಆ ಪುಣ್ಯದ ಹಿಂದೆ ಉಳಿದಿದ್ದ 'ಮಾಡಿದೆ'ನೆಂಬ ಭಾವವನ್ನು ಬಿಡಿಸುತ್ತಾರೆ. ಅಲ್ಲಿ ಗಳಿಕೆ ಎಂದರೆ ಕಳೆದುಕೊಳ್ಳುವುದೇ ಎಂದು ಓದುಗನಿಗೆ ತಿಳಿದಾಗ ಶೀರ್ಷಿಕೆಯ ಅರ್ಥ ಪೂರ್ಣವಾಗುತ್ತದೆ. ಶಿವಗಣಪ್ರಸಾದಿ ಮಹಾದೇವಯ್ಯನವರು ಮೊದಲು ಸಂಕಲಿಸಿದ ಈ ಗ್ರಂಥವನ್ನು ಹಲಗೆಯಾರ್ಯರು, ಗುಮ್ಮಳಾಪುರದ ಸಿದ್ಧಲಿಂಗಯತಿಗಳು, ಗೂಳೂರು ಸಿದ್ಧವೀರಣ್ಣೊಡೆಯರು ಮತ್ತೆ ಪರಿಷ್ಕರಿಸಿದರು. ವಚನಗಳ ಜೋಡಣೆ ಬದಲಾಯಿತು. ಶೂನ್ಯಸಂಪಾದನೆ ಎಂಬ ಹೆಸರು ಉಳಿಯಿತು.

ಮುದ್ರಣದ ಕಾಲದಲ್ಲಿ ಶೀರ್ಷಿಕೆಯ ಹೊಣೆ ಇನ್ನೂ ಹೆಚ್ಚಿತು. ಫ. ಗು. ಹಳಕಟ್ಟಿಯವರು ಓಲೆಗರಿಗಳನ್ನು ಅರಸಿ ಸಂಗ್ರಹಿಸಿ, 1923ರಲ್ಲಿ ಪ್ರಕಟಿಸಿದ ಗ್ರಂಥಕ್ಕೆ 'ವಚನಶಾಸ್ತ್ರಸಾರ' ಎಂದು ಹೆಸರಿಟ್ಟರು. ಇವು ಚದುರಿದ ನುಡಿಗಳಲ್ಲ, ಒಂದು ವ್ಯವಸ್ಥಿತ ಶಾಸ್ತ್ರ ಎಂಬ ನಿಲುವು ಆ ಒಂದು ಪದದಲ್ಲಿದೆ. ಎಂ. ಆರ್. ಶ್ರೀನಿವಾಸಮೂರ್ತಿಯವರ 'ವಚನಧರ್ಮಸಾರ' ಶಾಸ್ತ್ರದ ಸ್ಥಾನದಲ್ಲಿ ಧರ್ಮವನ್ನು ಇರಿಸಿತು. ಕರ್ನಾಟಕ ಸರ್ಕಾರವು 1993ರಲ್ಲಿ 15 ಸಂಪುಟಗಳಲ್ಲಿ ಹೊರತಂದ 'ಸಮಗ್ರ ವಚನ ಸಂಪುಟ'ದ ಹೆಸರಿನಲ್ಲಿ ಶಾಸ್ತ್ರವೂ ಇಲ್ಲ, ಧರ್ಮವೂ ಇಲ್ಲ. ಸಾರವನ್ನು ಆರಿಸದೆ ಎಲ್ಲವನ್ನೂ ಒಂದೆಡೆ ಇಡುವ ಆಶಯವಿದೆ. ವಚನಗಳು ಅವೇ. ಆದರೆ ಓದುಗನು ಅವನ್ನು ಯಾವ ಭಾವದಿಂದ ಸಮೀಪಿಸಬೇಕೆಂಬುದನ್ನು ಪ್ರತಿಯೊಂದು ಹೆಸರೂ ಬೇರೆಬೇರೆಯಾಗಿ ಸೂಚಿಸುತ್ತದೆ.

ಇಲ್ಲಿ ಒಂದು ಎಚ್ಚರ ಅವಶ್ಯ. ಸಂಕಲನಗಳಲ್ಲಿ ವಚನದ ಮೇಲೆ ಭಕ್ತಸ್ಥಲ, ಮಹೇಶಸ್ಥಲ ಮುಂತಾದ ತಲೆಬರಹಗಳಿರುತ್ತವೆ. ಷಟ್‌ಸ್ಥಲ ಶರಣರದೇ ತತ್ತ್ವ. ಆದರೆ ಒಂದೊಂದು ವಚನವನ್ನು ಇಂಥ ಸ್ಥಲಕ್ಕೆ ಸೇರಿದುದೆಂದು ನಿರ್ಣಯಿಸಿದವರು ಬಹುಮಟ್ಟಿಗೆ ನಂತರದ ಸಂಕಲನಕಾರರು. ಅವರ ಪರಿಶ್ರಮ ಪೂಜ್ಯವಾದುದು. ಆದರೂ ತಲೆಬರಹವನ್ನೇ ವಚನದ ಅರ್ಥವೆಂದು ಭಾವಿಸಿದರೆ, ಭಕ್ತನಿಗೆ ಹೇಳಿದ ಮಾತು ಐಕ್ಯನಿಗೂ ಸಲ್ಲಬಹುದೆಂಬ ಸಾಧ್ಯತೆ ಕಣ್ಮರೆಯಾಗುತ್ತದೆ.

ಶೀರ್ಷಿಕೆಯನ್ನು ಕೊಟ್ಟವರು ಸಂಗ್ರಹಿಸಿದವರು. ಅಂಕಿತವನ್ನು ಕೊಟ್ಟವರು ನುಡಿದ ಶರಣರು. ಆದುದರಿಂದ ನಿತ್ಯ ವಚನಪಾರಾಯಣ ಮಾಡುವ ಸದ್ಭಕ್ತರು ತಲೆಬರಹವನ್ನು ದಾರಿದೀಪವಾಗಿ ಸ್ವೀಕರಿಸಿ, ಅಂಕಿತದವರೆಗೆ ನಿಧಾನವಾಗಿ ಓದಿ, ಅಲ್ಲಿ ಕ್ಷಣಕಾಲ ನಿಲ್ಲುವುದು ಉಚಿತ. ವಚನ ಯಾವ ವಿಷಯದ್ದು ಎಂಬುದನ್ನು ಶೀರ್ಷಿಕೆ ತಿಳಿಸುತ್ತದೆ, ಅದು ಯಾರಿಗೆ ಅರ್ಪಿತವೆಂಬುದನ್ನು ಅಂಕಿತ ತಿಳಿಸುತ್ತದೆ.