ಉಡಾಳನೋ, ಲಕ್ಷ್ಯ ನಿಲ್ಲದವನೋ?

ಹೇಳಿದ ಕೆಲಸ ಮರೆತು ಬಂದವನನ್ನು ಬಯ್ಯಲು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆ ಮಾತಿಗೆ ಬರವಿಲ್ಲ. ‘ಖಬರ ಇಲ್ಲ’, ‘ಧ್ಯಾಸ ಇಲ್ಲ’, ‘ಲಕ್ಷ್ಯ ಎಲ್ಲೈತಿ?’ ಎಂಬವು ಸೌಮ್ಯವಾದವು. ‘ಉಡಾಳ’ ಎಂಬುದು ಕಡೆಯ ತೀರ್ಪು. ಹತ್ತು ವರ್ಷದ ಹುಡುಗನಿಗೆ ಅಂದರೆ ಅದು ಸಂಜೆಯ ಹೊತ್ತಿಗೆ ಮರೆತುಹೋಗುತ್ತದೆ. ನಲವತ್ತರ ಗೃಹಸ್ಥನಿಗೆ ಅಂದರೆ ಸೊಸೈಟಿಯಲ್ಲಿ ಸಾಲ ಹುಟ್ಟುವುದಿಲ್ಲ, ಮನೆಯಲ್ಲಿ ಮಾತು ನಡೆಯುವುದಿಲ್ಲ. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ನೋಂದಾಯಿಸುವ ದಿನ ದಾಟಿಸಿದವನು, ಕೈಯಲ್ಲಿ ಹಣವಿದ್ದೂ ಕಂತು ಕಟ್ಟದೆ ಬಡ್ಡಿ ಬೆಳೆಸಿಕೊಂಡವನು, ಒಂದು ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಕೈಹಾಕುವವನು ಪ್ರತಿ ಊರಲ್ಲೂ ಸಿಗುತ್ತಾನೆ. ಇಂಥವರಲ್ಲಿ ಕೆಲವರಿಗಾದರೂ ಇರುವುದು ಎಡಿಎಚ್‌ಡಿ, ಅಂದರೆ ಗಮನ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ ಎಂದು ವೈದ್ಯಶಾಸ್ತ್ರ ಇಂದು ಹೇಳುತ್ತದೆ. ಆ ಮಾತು ಕೃಷ್ಣೆ, ದೂಧಗಂಗೆಯ ದಂಡೆಗೆ ಬರಲು ಇಷ್ಟು ತಡವೇಕಾಯಿತು? ಮೊದಲಿಗೆ ಈ ತೊಂದರೆಗೆ ಹೆಸರು ಬಂದ ಬಗೆಯನ್ನು ನೋಡಬೇಕು.

ಮನಸ್ಸಿನ ಚಂಚಲತೆ ನಮ್ಮವರಿಗೆ ಹೊಸದಲ್ಲ. ವಚನಕಾರರು ಅದನ್ನು ಮಂಗಕ್ಕೆ ಹೋಲಿಸಿದರು. ವಾತ ಪ್ರಕೃತಿಯವನು ಕೆಲಸಕ್ಕೆ ಬೇಗ ಕೈಹಾಕುತ್ತಾನೆ, ಕೇಳಿದ್ದನ್ನು ಬೇಗ ಗ್ರಹಿಸುತ್ತಾನೆ, ಬೇಗ ಮರೆಯುತ್ತಾನೆ ಎಂದು ಚರಕಸಂಹಿತೆ ಹೇಳುತ್ತದೆ. ಹಾಗೆಂದು ಚರಕನಿಗೆ ಎಡಿಎಚ್‌ಡಿ ಗೊತ್ತಿತ್ತು ಎನ್ನುವುದು ಅತಿಯಾದೀತು. ಅವನು ಹೇಳುತ್ತಿದ್ದುದು ಸ್ವಭಾವವನ್ನು, ಕಾಯಿಲೆಯನ್ನಲ್ಲ. ಅದನ್ನು ವೈದ್ಯನ ಕಣ್ಣಿನಿಂದ ನೋಡಿದ ಮೊದಲಿಗರಲ್ಲಿ ಜರ್ಮನಿಯ ಮೆಲ್ಕಿಯರ್ ಆಡಂ ವೈಕಾರ್ಡ್ ಒಬ್ಬ. ಅವನ ಪುಸ್ತಕ ಬಂದದ್ದು 1775ರಲ್ಲಿ. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಕ್ರೈಟನ್ 1798ರಲ್ಲಿ ಇದನ್ನು ಇನ್ನೂ ಸ್ಪಷ್ಟವಾಗಿ ಬರೆದ. ಆದರೆ ಹುಟ್ಟಿನಿಂದ ಬಂದ ಈ ತೊಂದರೆ ವಯಸ್ಸಿನೊಡನೆ ಸಾಮಾನ್ಯವಾಗಿ ಕಡಿಮೆಯಾಗುತ್ತದೆ ಎಂದೂ ಸೇರಿಸಿದ. ‘ದೊಡ್ಡವನಾದ ಮ್ಯಾಲೆ ಸುಧಾರಿಸ್ತಾನ’ ಎಂದು ನಮ್ಮ ಹಿರಿಯರು ಹೇಳುವುದೂ ಇದನ್ನೇ.

1902ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಇಂಥ ಮಕ್ಕಳ ಬಗ್ಗೆ ಉಪನ್ಯಾಸಗಳನ್ನು ಕೊಟ್ಟ. ಬುದ್ಧಿಗೆ ಕೊರತೆಯಿಲ್ಲದಿದ್ದರೂ ಇವರಲ್ಲಿ ನೈತಿಕ ನಿಯಂತ್ರಣ ಕಡಿಮೆ ಎಂಬುದು ಅವನ ವಿವರಣೆ. ಲಂಡನ್ನಿನ ಆ ಮಾತಿಗೂ ನಮ್ಮ ‘ಉಡಾಳ’ ಎಂಬ ಮಾತಿಗೂ ಬಹಳ ಅಂತರವಿಲ್ಲ. 1937ರಲ್ಲಿ ಅಮೆರಿಕದ ಚಾರ್ಲ್ಸ್ ಬ್ರಾಡ್ಲಿ ಇಂಥ ಕೆಲವು ಮಕ್ಕಳಿಗೆ ಬೆಂಜೆಡ್ರಿನ್ ಎಂಬ ಉತ್ತೇಜಕ ಔಷಧಿ ಕೊಟ್ಟಾಗ ಅವರು ಮತ್ತಷ್ಟು ಕೆರಳುವ ಬದಲು ಕುಳಿತು ಪಾಠ ಕಲಿತದ್ದನ್ನು ಕಂಡ. ಅಲ್ಲಿಂದ ಮುಂದೆ ಇದು ಮಿದುಳಿಗೆ ಸಂಬಂಧಿಸಿದ್ದು ಎಂಬ ನಂಬಿಕೆ ಬಲಿಯಿತು. ಆದರೂ 1968ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಇದಕ್ಕೆ ಕೊಟ್ಟ ಹೆಸರಿನಲ್ಲೇ ‘ಬಾಲ್ಯದ’ ಎಂಬ ಪದವಿತ್ತು. 1976ರಲ್ಲಿ ಯೂಟಾ ರಾಜ್ಯದ ಪಾಲ್ ವೆಂಡರ್ ಮತ್ತು ಸಂಗಡಿಗರು ದೊಡ್ಡವರಲ್ಲೂ ಇದಿದೆ ಎಂದು ತೋರಿಸಿದರು. 1980ರ ಕೈಪಿಡಿ ಅದನ್ನು ‘ಉಳಿಕೆ’ ರೂಪವೆಂದು ಒಪ್ಪಿತು. ವಯಸ್ಕರಿಗೆಂದು ಲಕ್ಷಣಗಳ ಲೆಕ್ಕವನ್ನು ಬೇರೆಯಾಗಿ ನಿಗದಿ ಮಾಡಿದ್ದು 2013ರಲ್ಲಿ. ಜಗತ್ತಿನ ಅಧ್ಯಯನಗಳನ್ನು ಒಟ್ಟು ಹಾಕಿದಾಗ ನೂರು ವಯಸ್ಕರಲ್ಲಿ ಸುಮಾರು ಎರಡೂವರೆ ಮಂದಿಗೆ ಇದಿದೆ ಎಂಬ ಅಂದಾಜು ಸಿಗುತ್ತದೆ.

ಹೆಸರು ಬಂದರೆ ಸಾಲದು, ಹೋಗಲು ಬಾಗಿಲೂ ಬೇಕು. ಈ ಭಾಗ 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತು. ಮೈಕಾಯಿಲೆಗೆ ಮಿರಜ ಹತ್ತಿರವಿತ್ತು; 1894ರಲ್ಲಿ ವಿಲಿಯಂ ವಾನ್ಲೆಸ್ ಅಲ್ಲಿ ತೆರೆದ ಮಿಷನ್ ಆಸ್ಪತ್ರೆಗೆ ದೂರದೂರದ ಜನ ಬರುತ್ತಿದ್ದರು. ಮನಸ್ಸಿನ ಕಾಯಿಲೆಗೆ ಇದ್ದದ್ದು 1845ರಲ್ಲಿ ಆರಂಭವಾದ ಧಾರವಾಡದ ಆಸ್ಪತ್ರೆ. ಜನರ ಬಾಯಲ್ಲಿ ಅದು ಹುಚ್ಚರ ಆಸ್ಪತ್ರೆಯೇ ಆಯಿತು, ಅದಕ್ಕೆ ಕಾರಣವೂ ಇತ್ತು. 1858ರ ಕಾಯಿದೆಯಲ್ಲಾಗಲಿ 1912ರ ಕಾಯಿದೆಯಲ್ಲಾಗಲಿ ಇಂಥ ಸಂಸ್ಥೆಗೆ ಒಳಹೋಗುವ ಹಾದಿ ಹೆಚ್ಚಾಗಿ ಮ್ಯಾಜಿಸ್ಟ್ರೇಟರ ಆದೇಶದ ಮೂಲಕವೇ ಇತ್ತು. ಪೋಲೀಸು, ಕೋರ್ಟು, ಬೀಗ ಇವುಗಳೊಡನೆ ಬೆಸೆದುಕೊಂಡ ಜಾಗಕ್ಕೆ ‘ನನಗೆ ಮರವು ಜಾಸ್ತಿ, ಕೆಲಸ ಕೊನೆಮುಟ್ಟುವುದಿಲ್ಲ’ ಎಂದು ಯಾರು ಹೋದಾರು? ಆ ಅಂಜಿಕೆ ಕಾಯಿದೆಗಿಂತ ಹೆಚ್ಚು ಕಾಲ ಬಾಳಿದೆ.

ಬಾಗಿಲನ್ನು ಊರಿನ ಹತ್ತಿರಕ್ಕೆ ತರುವ ಪ್ರಯತ್ನದಲ್ಲಿ ಕರ್ನಾಟಕದ ಪಾಲು ದೊಡ್ಡದು. 1974ರಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ ನಿಮ್ಹಾನ್ಸ್, 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮಾನಸಿಕ ಚಿಕಿತ್ಸೆ ಸಿಗುವಂತೆ ಮಾಡಿತು. ಆ ಮಾದರಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. 2014ರಲ್ಲಿ ರಾಜ್ಯ ಸರಕಾರ ಆರಂಭಿಸಿದ ‘ಮನೋಚೈತನ್ಯ’ ಯೋಜನೆ ತಾಲ್ಲೂಕು ಆಸ್ಪತ್ರೆಗೇ ಮಂಗಳವಾರದಂದು ಮನೋವೈದ್ಯರನ್ನು ಕಳಿಸುವ ಏರ್ಪಾಡು ಮಾಡಿತು. ಯಾವ ಮಂಗಳವಾರ ಎಂಬುದನ್ನು ಮೊದಲೇ ವಿಚಾರಿಸಿ ಹೋಗುವುದು ಜಾಣತನ. ನಿಪ್ಪಾಣಿಯವರು ಕೊಲ್ಹಾಪುರಕ್ಕೆ, ಕಾಗವಾಡ, ರಾಯಬಾಗದವರು ಮಿರಜ, ಸಾಂಗಲಿಗೆ, ಉಳಿದವರು ಬೆಳಗಾವಿಗೆ ಹೋಗುವುದೂ ಇದೆ. 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿಯ ಸಂಖ್ಯೆ 14416. ಅಲ್ಲಿ ಕನ್ನಡದಲ್ಲೂ ಮರಾಠಿಯಲ್ಲೂ ಮಾತಾಡಬಹುದು. ಎರಡೂ ಭಾಷೆ ಒಂದೇ ಅಂಗಳದಲ್ಲಿ ಕೇಳಿಬರುವ ಈ ತಾಲ್ಲೂಕುಗಳಿಗೆ ಅದು ಸಣ್ಣ ಅನುಕೂಲವಲ್ಲ.

ಹಾಗಾದರೆ ಯಾರು ಹೋಗಬೇಕು? ಮರೆವು, ಗಡಿಬಿಡಿ ಎಲ್ಲರಿಗೂ ಇದ್ದದ್ದೇ. ಗಮನ ನಿಲ್ಲದಿರುವುದಕ್ಕೆ ಒಂಬತ್ತು, ಚಡಪಡಿಕೆ ಮತ್ತು ಆತುರಕ್ಕೆ ಒಂಬತ್ತು ಲಕ್ಷಣಗಳನ್ನು ವೈದ್ಯರು ಗುರುತಿಸುತ್ತಾರೆ. ಹದಿನೇಳು ದಾಟಿದವರಲ್ಲಿ ಯಾವುದಾದರೂ ಒಂದು ಗುಂಪಿನ ಐದಾದರೂ ಬಹುಕಾಲದಿಂದ ಇರಬೇಕು. ಕೆಲವಾದರೂ ಹನ್ನೆರಡು ವರ್ಷಕ್ಕೆ ಮೊದಲೇ ಕಂಡಿರಬೇಕು. ಮನೆಯಲ್ಲಿ ಮಾತ್ರ, ಇಲ್ಲವೇ ಕೆಲಸದಲ್ಲಿ ಮಾತ್ರ ಇದ್ದರೆ ಸಾಲದು. ಬದುಕಿಗೆ ಅದರಿಂದ ಹಾನಿಯಾಗುತ್ತಿರಬೇಕು. ದೊಡ್ಡವರಲ್ಲಿ ಓಡಾಟ ಕಡಿಮೆಯಾಗಿ ಚಡಪಡಿಕೆ ಒಳಗೇ ಉಳಿಯುವುದರಿಂದ ಇದು ಬೇಗ ಗುರುತು ಸಿಗುವುದಿಲ್ಲ. ಹೆಂಗಸರ ವಿಷಯದಲ್ಲಂತೂ ಇನ್ನೂ ಕಷ್ಟ. ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಕೂಲಿ ಸಾವಿರದ ಲೆಕ್ಕದ್ದು; ಗದ್ದಲ ಮಾಡದೆ ಕುಳಿತಲ್ಲೇ ಮನಸ್ಸು ಎಲ್ಲೋ ಹೋಗಿ ಎಣಿಕೆ ತಪ್ಪುವವಳಿಗೆ ಕೂಲಿ ಕಡಿಮೆಯಾಗುತ್ತದೆ, ಅನುಮಾನ ಮಾತ್ರ ಯಾರಿಗೂ ಬರುವುದಿಲ್ಲ. ಎಡಿಎಚ್‌ಡಿ ಇರುವವರು ಬೇರೆಯವರಿಗಿಂತ ಹೆಚ್ಚಾಗಿ ತಂಬಾಕಿಗೆ ಅಂಟಿಕೊಳ್ಳುತ್ತಾರೆ ಎಂಬುದನ್ನೂ ತಂಬಾಕಿನ ಈ ಸೀಮೆಯವರು ತಿಳಿದಿರಬೇಕು. ನಿಕೋಟಿನ್ ಗಮನವನ್ನು ಒಂದಿಷ್ಟು ಹೊತ್ತು ಹಿಡಿದು ನಿಲ್ಲಿಸುತ್ತದೆ, ಬೆಲೆಯನ್ನು ಆಮೇಲೆ ವಸೂಲು ಮಾಡುತ್ತದೆ.

ಇದನ್ನು ಪತ್ತೆ ಮಾಡುವ ರಕ್ತಪರೀಕ್ಷೆ, ಸ್ಕ್ಯಾನು ಯಾವುದೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಹೆಸರಿನಲ್ಲಿ 2005ರಲ್ಲಿ ಪ್ರಕಟವಾದ ಹದಿನೆಂಟು ಪ್ರಶ್ನೆಗಳ ಪಟ್ಟಿ ಅನುಮಾನ ಹುಟ್ಟಿಸಬಲ್ಲದು, ತೀರ್ಮಾನ ಹೇಳಲಾರದು. ಮನೋವೈದ್ಯರು ಸಾವಕಾಶವಾಗಿ ಬಾಲ್ಯದಿಂದ ಕೇಳುತ್ತ ಬರುತ್ತಾರೆ. ನಿದ್ದೆಗೇಡು, ಥೈರಾಯ್ಡ್, ಖಿನ್ನತೆ, ಆತಂಕ, ಸಾರಾಯಿ ಇವೂ ಗಮನವನ್ನು ಕೆಡಿಸುವುದರಿಂದ ಅವನ್ನು ಬೇರ್ಪಡಿಸಿ ನೋಡುತ್ತಾರೆ. ಎಷ್ಟೋ ಸಲ ಇವುಗಳಲ್ಲೇ ಒಂದು ಸಿಕ್ಕಿ, ಅದಕ್ಕೆ ಮದ್ದಾಗಿ, ಮನುಷ್ಯ ನೆಟ್ಟಗಾಗುವುದುಂಟು. ಎಡಿಎಚ್‌ಡಿಯೇ ಆದರೆ ಔಷಧಿಗಳಿವೆ. ಮೀಥೈಲ್‌ಫೆನಿಡೇಟ್ ಮಾದಕ ವಸ್ತುಗಳ ಕಾಯಿದೆಯ ನಿಯಂತ್ರಣದಲ್ಲಿರುವುದರಿಂದ ಎಲ್ಲ ಅಂಗಡಿಯಲ್ಲೂ ಸಿಗದು. ಆಟೊಮಾಕ್ಸೆಟಿನ್‌ಗೆ ಆ ಬಿಗಿ ಇಲ್ಲ. ದಿನದ ಕೆಲಸವನ್ನು ಚೂರು ಮಾಡಿ ಬರೆದಿಟ್ಟುಕೊಂಡು ಮುಗಿಸುವ ಅಭ್ಯಾಸವನ್ನೂ ಕಲಿಸುತ್ತಾರೆ.

ಹೋಗುವಾಗ ಒಬ್ಬರೇ ಹೋಗದಿರುವುದು ಲೇಸು. ಸಾಲಿಯ ಹಳೆಯ ಗುಣಪತ್ರಿಕೆ ಟ್ರಂಕಿನಲ್ಲಿದ್ದರೆ ತೆಗೆದುಕೊಳ್ಳಬೇಕು. ಮಾಸ್ತರರು ಅಂದು ಕೆಂಪು ಶಾಯಿಯಲ್ಲಿ ಬರೆದದ್ದು ಇಂದು ಪುರಾವೆಯಾದೀತು. ಹೆಂಡತಿಯೋ ಗಂಡನೋ ಈಗಿನದನ್ನು ಹೇಳುತ್ತಾರೆ. ಎಂಟು ವರ್ಷದವನಿದ್ದಾಗ ಪಾಟಿ, ಚೀಲ ಎಷ್ಟು ಸಲ ಕಳೆದು ಬಂದ, ಊಟಕ್ಕೆ ಕೂತವನು ಎಷ್ಟು ಸಲ ಎದ್ದು ಹೋದ ಎಂಬುದು ಮಾತ್ರ ಅವ್ವನಿಗೇ ಗೊತ್ತು.