ಪರವಾನಿಗೆ ಪಡೆದ ಕಡಲುಗಳ್ಳರು

ಇಂದು ಕೆಲವೇ ಗಂಟೆಗಳಲ್ಲಿ ವಿಮಾನದಲ್ಲಿ ಜಿದ್ದಾ ತಲುಪುವ ನಮಗೆ, ಹಾಯಿಹಡಗಿನ ಹಜ್ ಯಾತ್ರೆಯ ಕಷ್ಟ ಊಹಿಸಲೂ ಅಸಾಧ್ಯ. ಬಿರುಗಾಳಿಯಷ್ಟೇ ಭಯ ಕಡಲುಗಳ್ಳರದ್ದೂ ಇತ್ತು. ಅವರಲ್ಲಿ ಕೆಲವರ ಕೈಯಲ್ಲಿ ಸರಕಾರದ ಪರವಾನಿಗೆಯೇ ಇತ್ತು!

ಅಂದಿನ ಯುರೋಪಿನಲ್ಲಿ ಯುದ್ಧ ಬಂದಾಗ ಸರಕಾರಗಳು ಖಾಸಗಿ ಹಡಗುಗಳಿಗೆ ಪರವಾನಿಗೆ ಪತ್ರ ನೀಡುತ್ತಿದ್ದವು. ಖರ್ಚು ಹಡಗಿನ ಮಾಲೀಕರದ್ದು. ಸೆರೆಹಿಡಿದ ಶತ್ರುಹಡಗನ್ನು ನ್ಯಾಯಾಲಯದ ಮುಂದಿಡಬೇಕಿತ್ತು. ತೀರ್ಪು ಅನುಕೂಲವಾದರೆ ಹಡಗು, ಸರಕು ಮಾರಾಟವಾಗಿ ಹಣ ಹಂಚಿಕೆಯಾಗುತ್ತಿತ್ತು. ಅನೇಕ ನಾವಿಕರಿಗೆ ಸಂಬಳವೇ ಇರಲಿಲ್ಲ. ಕೊಳ್ಳೆ ಸಿಕ್ಕರೆ ಮಾತ್ರ ಪಾಲು. ಅನರ್ಥದ ಮೂಲ ಇದೇ.

1692ರಲ್ಲಿ ಥಾಮಸ್ ಟ್ಯೂ ಎಂಬಾತ ಫ್ರೆಂಚರ ವಿರುದ್ಧ ಬರ್ಮುಡಾದಲ್ಲಿ ಪರವಾನಿಗೆ ಪಡೆದು ಹೊರಟ. ಆದರೆ ಹೋದದ್ದು ಕೆಂಪು ಸಮುದ್ರಕ್ಕೆ; ದೋಚಿದ್ದು ಪೂರ್ವದೇಶದ ವರ್ತಕರ ಹಡಗನ್ನು. 1695ರಲ್ಲಿ ಹೆನ್ರಿ ಎವ್ರಿ ಯಾವ ಪರವಾನಿಗೆಯೂ ಇಲ್ಲದೆ, ಮಕ್ಕಾದಿಂದ ಸೂರತ್‌ಗೆ ಯಾತ್ರಿಕರನ್ನು ಕರೆತರುತ್ತಿದ್ದ ಔರಂಗಜೇಬನ 'ಗಂಜ್-ಇ-ಸವಾಯಿ' ಹಡಗನ್ನು ದೋಚಿದ. ಸ್ತ್ರೀಯರ ಮೇಲೂ ಅತ್ಯಾಚಾರ ನಡೆಯಿತು. ಕುಪಿತರಾದ ಮೊಗಲ್ ಅಧಿಕಾರಿಗಳು ಸೂರತ್‌ನ ಇಂಗ್ಲಿಷರನ್ನು ಸೆರೆಯಲ್ಲಿಟ್ಟರು.

ಕಡಲುಗಳ್ಳರನ್ನೂ ಫ್ರೆಂಚ್ ಹಡಗುಗಳನ್ನೂ ಹಿಡಿಯಲು 1696ರಲ್ಲಿ ಇಂಗ್ಲೆಂಡಿನ ದೊರೆಯ ಪರವಾನಿಗೆಯೊಂದಿಗೆ ವಿಲಿಯಂ ಕಿಡ್ ಹೊರಟ. 1697ರಲ್ಲಿ ಆತ ನಮ್ಮ ಕಾರವಾರಕ್ಕೂ ಬಂದಿದ್ದ; ಕೆಲವು ನಾವಿಕರು ಅಲ್ಲಿ ಆತನನ್ನು ತೊರೆದರು. 1698ರ ಜನವರಿಯಲ್ಲಿ ಮಲಬಾರ್ ಕರಾವಳಿಯಾಚೆ ಆತ 'ಕ್ವೆಡಾ ಮರ್ಚೆಂಟ್' ಹಡಗನ್ನು ಹಿಡಿದ. ಅದರಲ್ಲಿ ಆರ್ಮೇನಿಯನ್ ವರ್ತಕರ ಸರಕಿತ್ತು. ರಕ್ಷಣೆಗಾಗಿ ಫ್ರೆಂಚ್ ರಹದಾರಿಯನ್ನೂ ಇಟ್ಟುಕೊಂಡಿದ್ದರು. ವರ್ತಕರನ್ನು ಕಾಯಬೇಕಿದ್ದ ಆ ಕಾಗದವೇ ಕಿಡ್‌ಗೆ ನೆಪವಾಯಿತು. ಆದರೆ ಲಂಡನ್ನಿನ ವಿಚಾರಣೆಯಲ್ಲಿ ಆ ರಹದಾರಿ ಹಾಜರಾಗಲಿಲ್ಲ. ಕಡಲುಗಳ್ಳತನ ಮತ್ತು ತನ್ನದೇ ನಾವಿಕನೊಬ್ಬನ ಕೊಲೆಗಾಗಿ 1701ರ ಮೇ 23ರಂದು ಆತನನ್ನು ಗಲ್ಲಿಗೇರಿಸಲಾಯಿತು. ಕಾಣೆಯಾದ ಕಾಗದ 20ನೇ ಶತಮಾನದ ಆರಂಭದಲ್ಲಿ ಲಂಡನ್ನಿನ ಸರಕಾರಿ ದಾಖಲೆಗಳಲ್ಲೇ ಸಿಕ್ಕಿತು! ಆತನ ಯಾನಕ್ಕೆ ಹಣ ಹೂಡಿದ್ದ ಪ್ರಭಾವಿ ಶ್ರೀಮಂತರಾರೂ ಗಲ್ಲಿಗೇರಲಿಲ್ಲ.

ಕೊನೆಗೆ 1856ರ ಪ್ಯಾರಿಸ್ ಘೋಷಣೆ ಈ ಪದ್ಧತಿಯನ್ನು ರದ್ದುಪಡಿಸಿತು.

ಇಸ್ಲಾಮೀ ಕಾನೂನಿನಲ್ಲಿ 'ಅಮಾನ್' ಅಂದರೆ ಅಭಯದ ಮಾತು. ಒಮ್ಮೆ ಕೊಟ್ಟರೆ ಯುದ್ಧಕಾಲದಲ್ಲೂ ಅದನ್ನು ಪಾಲಿಸಬೇಕು. ಮುದ್ರೆ ಬಿದ್ದ ಮಾತ್ರಕ್ಕೆ ಅನ್ಯಾಯ ನ್ಯಾಯವಾಗದು. ಕಾಗದ ಕೊಟ್ಟವರಾರು, ಲಾಭ ಯಾರಿಗೆ, ನಷ್ಟ ಯಾರಿಗೆ ಎಂದು ಪ್ರಶ್ನಿಸುವುದನ್ನು ನಮ್ಮ ವಿದ್ಯಾರ್ಥಿಗಳು ಇತಿಹಾಸದಿಂದ ಕಲಿಯಲಿ.