ಅನಲಾಗ್-ಡಿಜಿಟಲ್ ಪರಿವರ್ತಕ (ಚಿತ್ರಗ್ರಹಣ ಮತ್ತು ವಿಡಿಯೊ)

ಕ್ಯಾಮೆರಾದ ಸಂವೇದಕದಿಂದಲೋ ದೂರದರ್ಶನದ ತಂತಿಯಿಂದಲೋ ಅವಿಚ್ಛಿನ್ನವಾಗಿ ಹರಿದುಬರುವ ವಿದ್ಯುದ್ವಿಭವವನ್ನು ಕ್ಲುಪ್ತ ಕಾಲಾಂತರಗಳಲ್ಲಿ ಅಳೆದು, ಪ್ರತಿಯೊಂದು ಅಳತೆಯನ್ನೂ ದ್ವಿಮಾನ ಸಂಖ್ಯೆಯನ್ನಾಗಿಸುವ ಸಿಲಿಕಾನ್ ಚಿಪ್. ಎಡಿಸಿ ಎಂಬುದು ಇದರ ರೂಢನಾಮ. ವಿಡಿಯೊ ಕಾರ್ಯಕ್ಕೆ ಒದಗುವಂಥವು ಸಾಮಾನ್ಯವಾಗಿ 8ರಿಂದ 12 ಬಿಟ್‌ಗಳ ಸೂಕ್ಷ್ಮತೆಯುಳ್ಳವಾಗಿದ್ದು, ಸೆಕೆಂಡಿಗೆ ಕೋಟಿಯ ಮೇಲ್ಪಟ್ಟು ಮಾದರಿಗಳನ್ನು ಪರಿವರ್ತಿಸುತ್ತವೆ. ಇವುಗಳ ಹಿರಿಮೆಯನ್ನು ವೇಗದಲ್ಲಿ ಕಾಣುವುದು ವಾಡಿಕೆಯಾದರೂ, ಒಂದೊಂದು ಮಾದರಿಗೂ ತಗಲುವ ಶಕ್ತಿಯ ಮಿತವ್ಯಯದಲ್ಲಿಯೇ ಅದನ್ನು ಅರಸುವುದು ಯುಕ್ತವೆಂದು ತೋರುತ್ತದೆ.

ಇತಿಹಾಸ

ಧ್ವನಿಗಾಗಿ ಹುಟ್ಟಿದ ವಿದ್ಯೆಯು ಕಾಲಾನಂತರ ಚಿತ್ರಕ್ಕೆ ಒದಗಿತೆಂಬುದು ಪ್ರಚಲಿತ ಭಾವನೆ. ವಸ್ತುಸ್ಥಿತಿ ಇದಕ್ಕೆ ವಿಪರೀತವಾಗಿದೆ. ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಪಾಲ್ ರೇನಿ 1921ರಲ್ಲಿ ಅರ್ಜಿ ಸಲ್ಲಿಸಿ 1926ರಲ್ಲಿ ಪಡೆದ ಪೇಟೆಂಟಿನ ಉದ್ದೇಶವೇ ತಂತಿಯ ಮೂಲಕ ಚಿತ್ರಗಳನ್ನು ಕಳುಹಿಸುವುದಾಗಿತ್ತು. ಚಿತ್ರಫಲಕವನ್ನು ಹಾದುಬಂದ ಬೆಳಕು ಫೋಟೊಸೆಲ್ಲಿನಲ್ಲಿ ವಿದ್ಯುತ್ತಾಗಿ, ಆ ವಿದ್ಯುತ್ತು ಗ್ಯಾಲ್ವನೋಮೀಟರನ್ನು ಚಲಿಸಿ ಮತ್ತೊಂದು ಕಿರಣವನ್ನು ಓರೆಯಾಗಿಸಲು, ಆ ಕಿರಣವು 32 ಫೋಟೊಸೆಲ್‌ಗಳ ಸಾಲಿನಲ್ಲಿ ಯಾವುದರ ಮೇಲೆ ಬೀಳುವುದೋ ಅದಕ್ಕೆ ಸಂಬಂಧಿಸಿದ ರಿಲೇಯಿಂದ 5 ಬಿಟ್‌ಗಳ ಸಂಕೇತವು ಹೊರಡುವ ಏರ್ಪಾಡು ಅದರಲ್ಲಿ ವಿವರಿಸಲ್ಪಟ್ಟಿದೆ. ಎಲ್ಲ ಮಟ್ಟಗಳನ್ನೂ ಏಕಕಾಲದಲ್ಲಿ ಹೋಲಿಸುವ ಇಂದಿನ ಫ್ಲ್ಯಾಶ್ ಎಡಿಸಿಯ ತತ್ತ್ವವು ಅಲ್ಲಿ ಪೂರ್ಣವಾಗಿಯೇ ಇದೆ. ಆದರೂ ಆ ಪೇಟೆಂಟು ವಿಸ್ಮೃತಿಗೆ ಸಂದು, 1937ರ ಸುಮಾರಿಗೆ ಇಂಜಿನಿಯರ್ ಅಲೆಕ್ ರೀವ್ಸ್ ಈ ವಿಧಾನವನ್ನು ದೂರವಾಣಿಗಾಗಿ ಹೊಸದಾಗಿಯೇ ಕಂಡುಹಿಡಿಯಬೇಕಾಯಿತು.

1954ರಲ್ಲಿ ಬರ್ನಾರ್ಡ್ ಗಾರ್ಡನ್ ಮಾರಾಟಕ್ಕೆ ತಂದ ಡಾಟ್ರಾಕ್ ಎಂಬ ನಿರ್ವಾತ ನಳಿಕೆಗಳ ಯಂತ್ರವು ಸೆಕೆಂಡಿಗೆ 50,000 ಮಾದರಿಗಳನ್ನು 11 ಬಿಟ್‌ಗಳಲ್ಲಿ ಕೊಡುತ್ತ ಸುಮಾರು 500 ವಾಟ್ ಶಕ್ತಿಯನ್ನು ನುಂಗುತ್ತಿತ್ತು. ವಿಡಿಯೊ ವೇಗದ 8 ಬಿಟ್ ಫ್ಲ್ಯಾಶ್ ಪರಿವರ್ತಕವನ್ನು ಒಂದೇ ಚಿಪ್ಪಿನಲ್ಲಿ ಅಡಕಗೊಳಿಸಿದವರು 1979ರಲ್ಲಿ ಟಿಆರ್‌ಡಬ್ಲ್ಯು ಕಂಪನಿಯವರು. ಮೂರು ವರ್ಷಗಳ ತರುವಾಯ, 1982ರಲ್ಲಿ, ಡಿಜಿಟಲ್ ವಿಡಿಯೊಗೆ ಸೆಕೆಂಡಿಗೆ 1.35 ಕೋಟಿ ಮಾದರಿಗಳೆಂಬ ಅಂತರರಾಷ್ಟ್ರೀಯ ನಿಯಮವು ಸ್ಥಿರಪಟ್ಟಿತು. ನಮ್ಮ ದೇಶದ 625 ಗೆರೆಗಳ ಪದ್ಧತಿಯಲ್ಲಿ ಗೆರೆಗೆ 864, ಅಮೆರಿಕದ 525 ಗೆರೆಗಳ ಪದ್ಧತಿಯಲ್ಲಿ 858 ಎಂದು ಎರಡಕ್ಕೂ ಪೂರ್ಣಾಂಕವೇ ದೊರೆಯುವಂತೆ ಆ ಸಂಖ್ಯೆಯನ್ನು ಆರಿಸಿದ ಜಾಣ್ಮೆ ಮೆಚ್ಚತಕ್ಕದ್ದು.

ರಚನೆ

ಫ್ಲ್ಯಾಶ್ ವಿಧಾನದಲ್ಲಿ 8 ಬಿಟ್‌ಗಳಿಗೆ 255 ಕಂಪ್ಯಾರೇಟರ್‌ಗಳೂ 10 ಬಿಟ್‌ಗಳಿಗೆ 1,023ರಷ್ಟೂ ಬೇಕಾಗಿ, ಅವೆಲ್ಲವೂ ಪ್ರತಿ ಮಾದರಿಗೂ ಏಕಕಾಲದಲ್ಲಿ ಶಕ್ತಿಯನ್ನು ವ್ಯಯಿಸುತ್ತವೆ. ಪೈಪ್‌ಲೈನ್ ವಿಧಾನವು ಈ ಕೆಲಸವನ್ನು ಹಂತಗಳಿಗೆ ಹಂಚುತ್ತದೆ: ಒಂದು ಹಂತವು ಸ್ಥೂಲವಾಗಿ ಅಳೆದು, ಅಳೆದಷ್ಟನ್ನು ಕಳೆದು, ಉಳಿದ ಶೇಷವನ್ನು ವರ್ಧಿಸಿ ಮುಂದಿನ ಹಂತಕ್ಕೆ ಒಪ್ಪಿಸಿದೊಡನೆ ತಾನು ಹೊಸ ಮಾದರಿಯನ್ನು ಕೈಗೆತ್ತಿಕೊಳ್ಳುತ್ತದೆ. ಉತ್ತರವು ಕೆಲವು ಗಡಿಯಾರ ಮಿಡಿತಗಳಷ್ಟು ತಡವಾಗಿ ಬಂದರೂ ಚಿತ್ರಕ್ಕೆ ಅದರಿಂದ ಬಾಧೆಯಿಲ್ಲ.

ಮಿತವ್ಯಯಕ್ಕೆ ಪ್ರಕೃತಿಯೇ ಹಾಕಿದ ಮೇರೆಯೊಂದುಂಟು. ಒಂದು ಪಿಕೋಫ್ಯಾರಡ್ ಕೆಪಾಸಿಟರಿನಲ್ಲಿ ಮಾದರಿಯನ್ನು ಹಿಡಿದಿಟ್ಟರೆ, ಕೋಣೆಯ ಉಷ್ಣತೆಯಲ್ಲಿ ಸುಮಾರು 64 ಮೈಕ್ರೋವೋಲ್ಟ್ ನಾಯ್ಸ್ ಅದರೊಡನೆ ಸೇರಿಯೇ ತೀರುತ್ತದೆ. ಒಂದು ವೋಲ್ಟ್ ವ್ಯಾಪ್ತಿಯನ್ನು 8 ಬಿಟ್‌ಗಳಿಗೆ ವಿಭಾಗಿಸಿದಾಗ ಒಂದು ಮೆಟ್ಟಿಲು 3.9 ಮಿಲಿವೋಲ್ಟ್ ಆಗುವುದರಿಂದ ಇದು ಗಣನೆಗೆ ಬಾರದು. 12 ಬಿಟ್‌ಗಳಲ್ಲಿ ಮೆಟ್ಟಿಲು 0.24 ಮಿಲಿವೋಲ್ಟಿಗೆ ಇಳಿದಾಗಲಾದರೋ ಉಪೇಕ್ಷಿಸುವಂತಿಲ್ಲ. ಅಲ್ಲಿಂದ ಮುಂದೆ ಒಂದೊಂದು ಬಿಟ್ ಹೆಚ್ಚಿದಂತೆಲ್ಲ ಕೆಪಾಸಿಟರ್ ನಾಲ್ಮಡಿಯಾಗಬೇಕು. ಅದನ್ನು ತುಂಬುವ ಶಕ್ತಿಯೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಏರುತ್ತದೆ.

ಅನಲಾಗ್ ಡಿವೈಸಸ್ ಕಂಪನಿಯ ಎಡಿ9280 ಚಿಪ್ಪನ್ನು ಇಲ್ಲಿ ನಿದರ್ಶನವಾಗಿ ಗ್ರಹಿಸಬಹುದು: 8 ಬಿಟ್, ಸೆಕೆಂಡಿಗೆ 3.2 ಕೋಟಿ ಮಾದರಿ, 3 ವೋಲ್ಟಿನಲ್ಲಿ 95 ಮಿಲಿವಾಟ್. ಪ್ರತಿ ಗೆರೆಯ ಆರಂಭದಲ್ಲಿ ಕಪ್ಪಿನ ಮಟ್ಟವನ್ನು ಮರಳಿ ಸ್ಥಾಪಿಸುವ ಕ್ಲ್ಯಾಂಪ್ ಸಹ ಅದರೊಳಗೇ ಇದೆ. ಮಾದರಿಯೊಂದಕ್ಕೆ ಬೀಳುವ ವೆಚ್ಚ ಸುಮಾರು 3 ನ್ಯಾನೋಜೂಲ್; ಡಾಟ್ರಾಕಿನಲ್ಲಿ ಅದು 10 ಮಿಲಿಜೂಲ್ ಆಗಿತ್ತು, ಅಂದರೆ ಮೂವತ್ತು ಲಕ್ಷ ಪಟ್ಟಿಗೂ ಅಧಿಕ. ಡೇಟಾಶೀಟುಗಳ ಇಂಥ ಅಂಕಿಗಳಲ್ಲಿ ಹೊರಗಿನ ದತ್ತಾಂಶದ ತಂತಿಗಳನ್ನು ನಡೆಸುವ ವೆಚ್ಚವು ಸಾಮಾನ್ಯವಾಗಿ ಪೂರ್ತಿ ಸೇರಿರುವುದಿಲ್ಲವಾಗಿ ಹೋಲಿಕೆಯನ್ನು ಎಚ್ಚರದಿಂದ ಮಾಡತಕ್ಕದ್ದು.

ಭಾರತದಲ್ಲಿ ಮತ್ತು ಕರ್ನಾಟಕದಲ್ಲಿ

ಎಡಿಸಿ ಚಿಪ್ಪುಗಳನ್ನೂ ತಯಾರಿಸುವ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿನಲ್ಲಿ ತನ್ನ ವಿನ್ಯಾಸ ಕೇಂದ್ರವನ್ನು ತೆರೆಯಿತು. 1988ರ ಮಾರ್ಚ್ 17ರಂದು ಉಡಾವಣೆಗೊಂಡ ಭಾರತದ ಐಆರ್‌ಎಸ್-1ಎ ದೂರಸಂವೇದಿ ಉಪಗ್ರಹದ ಕ್ಯಾಮೆರಾಗಳು 7 ಬಿಟ್‌ಗಳಲ್ಲಿ, ಅಂದರೆ 128 ಛಾಯೆಗಳಲ್ಲಿ, ಭೂಮಿಯನ್ನು ಚಿತ್ರಿಸಿದುವು. 2005ರ ಕಾರ್ಟೋಸ್ಯಾಟ್-1ರಲ್ಲಿ ಅದು 10 ಬಿಟ್‌ಗಳಿಗೆ ಏರಿತು.

ಅಧಿಕವೇಗದ ವಿಡಿಯೊಗೆ ಎಷ್ಟು ಮಾದರಿಗಳು ಬೇಕೆಂಬುದಕ್ಕೆ ಕೋಣಗಳ ಓಟವಾದ ಕಂಬಳವನ್ನು ನಿದರ್ಶನವಾಗಿ ಗ್ರಹಿಸಬಹುದು. 2020ರಲ್ಲಿ ಐಕಳದ ಕರೆಯಲ್ಲಿ, ಅಂದರೆ ಓಟದ ಕೆಸರುಗದ್ದೆಯಲ್ಲಿ, ಮೂಡುಬಿದಿರೆಯ ಸಮೀಪದ ಮಿಜಾರು ಅಶ್ವತ್ಥಪುರದ ಶ್ರೀನಿವಾಸ ಗೌಡರು ಕೋಣಗಳೊಡನೆ 142.5 ಮೀಟರನ್ನು 13.62 ಸೆಕೆಂಡುಗಳಲ್ಲಿ ಓಡಿದರು. ಸೆಕೆಂಡಿಗೆ 25 ಚಿತ್ರಗಳ ವಿಡಿಯೊದಲ್ಲಿ ಆ ವೇಗದ ಕೋಣಗಳು ಚಿತ್ರದಿಂದ ಚಿತ್ರಕ್ಕೆ ಸುಮಾರು 42 ಸೆಂಟಿಮೀಟರ್ ಮುಂದೆ ಜಿಗಿದಿರುತ್ತವೆ. ಓಟ ಮುಗಿಯುವ ಮಂಜೊಟ್ಟಿಯಲ್ಲಿ ಮೂಗಿನ ಅಂತರದ ಸೋಲು ಗೆಲುವನ್ನು ಅದರಿಂದ ನಿರ್ಣಯಿಸಲಾಗದು. ಸೆಕೆಂಡಿಗೆ 500 ಚಿತ್ರಗಳಾದರೆ ಜಿಗಿತವು 2 ಸೆಂಟಿಮೀಟರಿಗೆ ಇಳಿಯುವುದಾದರೂ ಸೆಕೆಂಡಿಗೆ ಮೇಲೆ ಹೇಳಿದ 1.35 ಕೋಟಿಯ ಇಪ್ಪತ್ತು ಮಡಿ, ಅಂದರೆ 27 ಕೋಟಿ ಮಾದರಿಗಳು ಬೇಕಾಗುತ್ತವೆ. ಎಡಿ9280ರ ದರದಲ್ಲಿ ಇದಕ್ಕೆ ಒಂದು ವಾಟಿಗೂ ಕಡಿಮೆ ಸಾಕು. ಡಾಟ್ರಾಕಿನ ದರದಲ್ಲಿ 27 ಲಕ್ಷ ವಾಟ್ ಆಗುತ್ತಿತ್ತು. ಅಧಿಕವೇಗದ ಕ್ಯಾಮೆರಾಗಳಲ್ಲಿ ಈ ಹೊರೆಯನ್ನು ಒಂದೇ ಚಿಪ್ಪಿಗೆ ಹೊರಿಸದೆ, ಸಂವೇದಕದ ಅಂಚಿನಲ್ಲಿಯೇ ಪಿಕ್ಸೆಲ್‌ಗಳ ಒಂದೊಂದು ಕಂಬಸಾಲಿಗೂ ಒಂದೊಂದು ಕಿರು ಎಡಿಸಿಯನ್ನು ಅಳವಡಿಸುವ ಕ್ರಮವು ಈಗ ಬಹುಮಟ್ಟಿಗೆ ರೂಢವಾಗಿದೆ.